ನಾನು ಬಿಟ್ಟ ಬಳ್ಳಿ

ಇಂಥ ಕಥೆಗಳನ್ನು ನಾನು ಯಾವತ್ತೂ ನಂಬಿದವಳಲ್ಲ. ಅಲ್ಲಿ ಹೀಗೆ ಕಂಡಿತಂತೆ, ಇಲ್ಲಿ ಹಾಗೆ ಕೇಳಿಸಿತಂತೆ ಎಂದು ಯಾರಾದರೂ ಶುರು ಮಾಡಿದರೆ ಕೈಯಲ್ಲಿದ್ದ ಕೆಲಸ ಬಿಡದೆ "ಹೌದಾ" ಎನ್ನುತ್ತಿದ್ದೆ, ಅಷ್ಟೆ. ವಾದ ಮಾಡುವಷ್ಟು ಆಸಕ್ತಿಯೂ ಇರಲಿಲ್ಲ. ಹಾಗಾಗಿ ಈಗ ನಾನೇ ಒಂದು ಅಂಥದ್ದನ್ನು ಹೇಳಹೊರಟರೆ ನೀವೂ ಕೈಕೆಲಸ ಬಿಡದೆ "ಹೌದಾ" ಎನ್ನಬಹುದು. ಬೇಸರವಿಲ್ಲ. ನನಗೆ ಹೇಳಿಕೊಳ್ಳಬೇಕಾಗಿರುವುದು ವಿಚಿತ್ರದ ಭಾಗಕ್ಕಿಂತ ಹೆಚ್ಚಾಗಿ ಅದರೊಳಗಿನ ನನ್ನ ಭಾಗ. ಅದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ, ಗಂಡನಿಗೂ.

ಮದುವೆಯಾದ ವರ್ಷದಿಂದ ನನಗೊಂದು ಅಭ್ಯಾಸ. ದಿನಕ್ಕೆ ಒಂದೆರಡು ಸಾಲು ಬರೆದಿಡುವುದು. ಇವತ್ತು ಯಾವ ಮೀನು ಬಂತು, ದನ ಕರು ಹಾಕಿತು, ಸಿಲಿಂಡರ್ ಬದಲಾಯಿಸಿದ್ದು, ಮೊದಲ ಮಳೆ, ಯಾರು ಬಂದರು, ಏನು ಸಾರು. ಡೊಂಬಿವಲಿಯಲ್ಲಿ ಗಂಡ ಹೋಟೆಲಿನಲ್ಲಿದ್ದ ಹದಿನಾರು ವರ್ಷವೂ ಬರೆದೆ, ಊರಿಗೆ ಮರಳಿದ ಮೇಲೂ ಬಿಟ್ಟಿಲ್ಲ. ಬ್ರಹ್ಮಾವರದ ನನ್ನ ತವರಿನಲ್ಲಿ ಇದಕ್ಕೆ ನಗುತ್ತಾರೆ. ಆದರೆ ಯಾರ ಮಗುವಿನ ನಾಮಕರಣ ಎಂದಾಗಿತ್ತು ಎಂದು ಜಗಳ ಬಂದರೆ ನನಗೇ ಫೋನು. ಏಕೆಂದರೆ ಆ ಪುಸ್ತಕಗಳಲ್ಲಿ ಸುಳ್ಳಿಲ್ಲ. ಒಂದೇ ಒಂದು ದಿನದ್ದನ್ನು ಬಿಟ್ಟು.

ನಮ್ಮ ಮನೆ ಬೈಂದೂರಿನಿಂದ ಒಳಗೆ, ಗುಡ್ಡದ ಕಡೆ ಹೋಗುವ ರಸ್ತೆಯಲ್ಲಿದೆ. ಗಂಡ ಪೇಟೆಯಲ್ಲಿ ಸಣ್ಣ ಕ್ಯಾಂಟೀನ್ ನಡೆಸುತ್ತಾರೆ, ಬೆಳಿಗ್ಗೆ ಹೋದರೆ ಬರುವುದು ಕತ್ತಲಾದ ಮೇಲೆ. ನಾನು ಮನೆಯ ಹಿಂದಿನ ಎರಡು ಕೋಣೆಗಳನ್ನು ತಿರುಗಾಟಕ್ಕೆ ಬರುವವರಿಗೆ ಕೊಡುತ್ತೇನೆ, ಊಟವೂ ನನ್ನದೇ. ಕೊರೊನಾ ಕಳೆದು ಜನ ಮತ್ತೆ ತಿರುಗಾಡಲು ಶುರು ಮಾಡಿದ ಹೊತ್ತಿನಲ್ಲಿ, ಚಳಿಗಾಲದಲ್ಲಿ, ಋಜುತಾ ಬಂದಳು. ಪುಣೆಯ ಹುಡುಗಿ, ಮೂವತ್ತರ ಒಳಗೆ. ಅವಳಿಗಿಂತ ದೊಡ್ಡ ಚೀಲ ಅವಳ ಬೆನ್ನ ಮೇಲೆ. ಎರಡು ದಿನಕ್ಕೆಂದು ಬಂದವಳು ಹನ್ನೊಂದು ದಿನ ಉಳಿದಳು.

ಅವಳ ಹತ್ತಿರ ಇದ್ದದ್ದೆಲ್ಲ ಪ್ರಾಣಿಗಳ ಕಥೆ. ಅಂಡಮಾನಿನಲ್ಲಿ ಸ್ನಾನಕ್ಕೆ ಇಳಿದ ಕಡೆ ಮೊಸಳೆ ಕಂಡದ್ದು, ಮಲೇಷಿಯಾದಲ್ಲಿ ಮಂಗ ಅವಳ ಹಲ್ಲುಜ್ಜುವ ಬ್ರಷ್ ಕದ್ದು ಮರದ ಮೇಲೆ ಕುಳಿತು ಹಲ್ಲುಜ್ಜಿದ್ದು, ಫಿಲಿಪೀನ್ಸಿನ ಗುಹೆಯೊಂದರಲ್ಲಿ ನೀರೊಳಗೆ ಮುಳುಗಿ ಆಚೆ ಎದ್ದಾಗ ತಲೆಯ ಮೇಲೆ ಸಾವಿರ ಬಾವಲಿ ತೂಗುತ್ತಿದ್ದದ್ದು. ಅವಳಿಗೆ ಗುಹೆಯ ನೀರಿನಲ್ಲಿ ಮುಳುಗುವುದೆಂದರೆ ಹುಚ್ಚು. ಅದನ್ನು ಕ್ರಮವಾಗಿ ಕಲಿತಿದ್ದಳು. ಮುರುಡೇಶ್ವರದ ಕಡೆ ಪ್ರವಾಸಿಗರಿಗೆ ಸಮುದ್ರದಲ್ಲಿ ಸ್ಕೂಬಾ ಡೈವಿಂಗ್ ಮಾಡಿಸುವವರ ಜೊತೆ ಎರಡು ತಿಂಗಳು ಕೆಲಸ ಮಾಡಿ, ಅವರದ್ದೇ ಒಂದು ಸಣ್ಣ ಗಾಳಿ ಸಿಲಿಂಡರ್ ಕೇಳಿ ತಂದಿದ್ದಳು. ಹತ್ತಿರ ಹೋದವರನ್ನೆಲ್ಲ ಒದೆಯುವ ನಮ್ಮ ದನ ಅವಳ ಕೈ ನೆಕ್ಕಿತು. ನಾನು ಹಿಂದಿಯಲ್ಲಿ ಮಾತಾಡಿದರೆ ಅವಳು ಕಲಿತ ಎರಡು ಶಬ್ದ ಸೇರಿಸಿ "ಹ್ವಾಯ್ ಆಂಟಿ, ಎಂತ?" ಎನ್ನುತ್ತಿದ್ದಳು. ಮನೆಯಲ್ಲಿ ಅಷ್ಟು ನಗು ನಾನು ಬಹಳ ದಿನದಿಂದ ಕೇಳಿರಲಿಲ್ಲ.

ನಮ್ಮಲ್ಲಿಂದ ಮೂರು ಮೈಲಿ ಆಚೆ ಗುಡ್ಡದಲ್ಲಿ ಒಂದು ಗುಹೆಯಿದೆ. ಹೆಸರು ಹೇಳುವುದಿಲ್ಲ. ಹೇಳಿದರೆ ಮರುದಿನವೇ ರೀಲ್ಸ್ ಮಾಡುವವರು ಬಂದು ನಿಲ್ಲುತ್ತಾರೆ. ಒಳಗೆ ಲಿಂಗದಂಥ ಒಂದು ಕಲ್ಲು, ಅದರ ಹಿಂದೆ ಬಂಡೆಯ ಅಡಿಗೆ ಹೋಗುವ ನೀರು. ಆ ನೀರಿನಲ್ಲಿ ದೇವರ ಮೀನುಗಳಿವೆ, ಅವಕ್ಕೆ ಹೊದಳು, ಅಂದರೆ ಭತ್ತದ ಅರಳು, ಹಾಕುತ್ತಾರೆ, ಯಾರೂ ಹಿಡಿಯುವುದಿಲ್ಲ. ಗುಹೆಯ ಬಾಯಲ್ಲಿ ಅಡ್ಡಕ್ಕೆ ಒಂದು ಹೊಸ್ತಿಲು ಕಲ್ಲು. ಆ ದಿನ ಮೀನು ತಿಂದವರು ಅದನ್ನು ದಾಟುವ ಹಾಗಿಲ್ಲ. ಅಷ್ಟೇ ಕಟ್ಟುಪಾಡು, ಬೇರೇನಿಲ್ಲ. ಮಡಿಯಿಲ್ಲ, ಜಾತಿಯಿಲ್ಲ. ಕೆಳಗಿನ ಮನೆಯ ಗೋವಿಂದಣ್ಣ ಎಂಬ ರೈತರು ದೀಪ ಇಡುವವರು. ಬಂದವರನ್ನೆಲ್ಲ ಹೊಸ್ತಿಲ ಹತ್ತಿರ ನಿಲ್ಲಿಸಿ ಅದೊಂದನ್ನು ಕೇಳುತ್ತಾರೆ. ಹೌದೆಂದರೆ ಹೊರಗಿನಿಂದಲೇ ಕೈಮುಗಿದು ಹೋಗಬೇಕು. ಹೋಗುತ್ತಾರೆ ಕೂಡ. ಮೀನು ತಿನ್ನದೆ ದಿನ ಕಳೆಯದ ನಮ್ಮ ಊರಲ್ಲಿ ಇದನ್ನು ಇಟ್ಟವರು ಯಾರೋ ಗಟ್ಟಿಗರೇ.

ಋಜುತಾ ಬರುವ ಎರಡು ವರ್ಷ ಮೊದಲು, ಅಭಿಷೇಕಕ್ಕೆ ನೀರೆತ್ತುವ ಹಿತ್ತಾಳೆ ಕೊಡಪಾನ ಗೋವಿಂದಣ್ಣನ ಕೈಜಾರಿ ಆ ನೀರಿಗೆ ಬಿದ್ದು, ಇಳಿಜಾರಿನಲ್ಲಿ ಉರುಳಿ ಬಂಡೆಯ ಅಡಿಗೆ ಹೋಗಿತ್ತು. ಹಳೆಯ ಕಾಲದ್ದು. ಅಲ್ಲಿಂದ ದೇವರಿಗೆ ಹಸಿರು ಪ್ಲಾಸ್ಟಿಕ್ ಕೊಡಪಾನದ ಸ್ನಾನ. ಇದು ಅವರಿಗೆ ದೊಡ್ಡ ಅವಮಾನವಾಗಿತ್ತು. ಋಜುತಾಳಿಗೆ ಈ ಕಥೆ ಹೇಳಿದ್ದೇ ತಡ, "ನಾನು ತೆಗೆದುಕೊಡುತ್ತೇನೆ" ಎಂದಳು. ನಾನು ಗೋವಿಂದಣ್ಣನಿಗೆ ಫೋನು ಮಾಡಿದೆ. ಅವರು ಎರಡು ದಿನ ಯೋಚಿಸಿ ಒಪ್ಪಿದರು.

ಹೋಗುವ ದಿನ ಬೆಳಿಗ್ಗೆ ನಾನೇ ಅವಳಿಗೆ ಹೇಳಿದೆ, ಇವತ್ತು ಮೀನಿಲ್ಲ, ಸೌತೆಕಾಯಿ ಸಾಂಬಾರು ಎಂದು. ಪಾಪ, ಒಳ್ಳೆಯ ಹುಡುಗಿ, ಏನೂ ಅನ್ನದೆ ಉಂಡಳು. ಆದರೆ ಅವಳು ಏಳುವ ಮುಂಚೆ, ಒಲೆಯ ಪಕ್ಕ ಮಣೆಯ ಮೇಲೆ ಕುಳಿತು, ನಾನು ಮೂರು ನೀರುದೋಸೆಗೆ ಹಿಂದಿನ ದಿನದ ಬಂಗುಡೆ ಮೀನಿನ ಸಾರು ಹಾಕಿಕೊಂಡು ತಿಂದಿದ್ದೆ. ಎರಡು ತುಂಡು ಉಳಿದಿತ್ತು. ಮರುದಿನದ ಬಂಗುಡೆ ಸಾರಿನ ರುಚಿ ಗೊತ್ತಿದ್ದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಾಳು ಮಾಡುವುದೇಕೆ ಎಂದು ನನಗೇ ಹೇಳಿಕೊಂಡೆ. ನಾನೇನು ನೀರಿಗೆ ಇಳಿಯುವವಳಲ್ಲವಲ್ಲ, ಹೊರಗೆ ಕುಳಿತರಾಯಿತು ಎಂದೂ ಹೇಳಿಕೊಂಡೆ.

ಗುಹೆಯ ಬಾಯಿಗೆ ಬಿಸಿಲು ಬೀಳುವುದು ಮೂರು ಗಂಟೆಯ ಮೇಲೆ. ಆ ಹೊತ್ತಿಗೆ ಹತ್ತಿದೆವು. ಗೋವಿಂದಣ್ಣ ಹೊಸ್ತಿಲ ಹತ್ತಿರ ಕಾಯುತ್ತಿದ್ದರು. ಬಲಗೈ ಪ್ಲಾಸ್ಟರಿನಲ್ಲಿ; ವಾರದ ಹಿಂದೆ ಗೇರುಮರದಿಂದ ಜಾರಿದ್ದಂತೆ. ಋಜುತಾಳ ಬೆನ್ನು ನೋಡಿ ಅವರು ಹುಬ್ಬೇರಿಸಿದರು.

"ಹ್ವಾಯ್, ಇದೆಂತದ್ ಹೆಣ್ಣೇ, ಗ್ಯಾಸ್ ಸಿಲಿಂಡರ್ ಹೊತ್ಕಂಡ್ ಬಂದಿದ್ಯಲ್ಲೆ? ಒಳಗ್ ಅಡುಗಿ ಮಾಡುಕಾ?"

ನಾನು ಹಿಂದಿಯಲ್ಲಿ ಹೇಳಿದೆ. ಅವಳು ನಕ್ಕು, ಕಾಲೇಜಿನಲ್ಲಿ ಕಲಿಯದೆ ಇದ್ದದ್ದನ್ನೆಲ್ಲ ಇದರೊಳಗೆ ತುಂಬಿಕೊಂಡಿದ್ದೇನೆ ಎಂದಳು.

"ನಮ್ಮೂರ್ ಗಂಡಸ್ರಿಗೆ ಮೊಣಕಾಲ್ ನೀರಿಗ್ ಇಳುಕೂ ಹೆದ್ರಿಕಿ. ಈ ಹೆಣ್ಣ್ ಕಾಣಿ" ಎಂದರು ಗೋವಿಂದಣ್ಣ. ಆಮೇಲೆ ದನಿ ಸಣ್ಣ ಮಾಡಿ, "ಇವತ್ತ್ ಮೀನ್ ಮುಟ್ಟ್ಲಿಲ್ಲೆ ಅಲ್ದಾ?" ಎಂದು ಕೇಳಿದರು. ನಾನು ಹಿಂದಿಯಲ್ಲಿ ಕೇಳಿದ ಮೇಲೆ ಋಜುತಾ ಇಲ್ಲವೆಂದು ತಲೆಯಾಡಿಸಿದಳು. ನನ್ನ ಕಡೆ ತಿರುಗಿ, "ನೀವ್ ಅಕ್ಕ?"

ನಾನು ಹೊರಗೆ ಕುಳಿತಿರುತ್ತೇನೆ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಋಜುತಾ ಹಗ್ಗದ ಸುರುಳಿ ನನ್ನ ಕೈಗಿಟ್ಟು, ಆಂಟಿ ಒಳಗೆ ನೀರಿನ ಅಂಚಿನಲ್ಲಿ ನಿಂತು ಹಿಡಿಯಬೇಕು, ಬೇರೆ ಯಾರಿದ್ದಾರೆ ಎಂದಳು. ಗೋವಿಂದಣ್ಣನ ಕೈ ಮುರಿದಿದೆ. ನಾನು ತಿಂದಿದ್ದೇನೆ ಎಂದರೆ ಎಲ್ಲರೂ ತಿರುಗಿ ಹೋಗಬೇಕು. ಅವಳಿಗೆ ಸಾಂಬಾರು ಬಡಿಸಿ ನಾನು ಬಂಗುಡೆ ತಿಂದದ್ದೂ ಹೊರಬೀಳುತ್ತದೆ. "ಇಲ್ಲಪ್ಪ, ಬರೀ ದೋಸೆ, ಬೆಲ್ಲ" ಎಂದೆ. ಬೆಲ್ಲವನ್ನೂ ಸೇರಿಸಿದ್ದೇಕೋ. ಅವರು ಒಂದು ಕ್ಷಣ ನನ್ನ ಮುಖ ನೋಡಿ ದಾರಿ ಬಿಟ್ಟರು.

ಹಗ್ಗದ ವಿಷಯವನ್ನು ಋಜುತಾ ಮೂರು ಸಲ ಬಿಡಿಸಿ ಹೇಳಿದಳು. ಅದರ ಕೊನೆಯನ್ನು ನೀರಿನ ಅಂಚಿನ ಒಂದು ಕಲ್ಲಿಗೆ ಕಟ್ಟಿದ್ದಾಳೆ, ಹಾಗಾಗಿ ಕಳೆದುಹೋಗುವುದಿಲ್ಲ. ಆದರೆ ಒಳಗೆ ಕೆಸರು ಎದ್ದರೆ ಅವಳಿಗೆ ತನ್ನ ಕೈಯೂ ಕಾಣುವುದಿಲ್ಲ. ಆಗ ಹಗ್ಗ ಬಿಗಿಯಾಗಿದ್ದರೆ ಮಾತ್ರ ದಾರಿ. ಸಡಿಲಾದರೆ ಅದು ಬಂಡೆಯ ಸಂದಿಗೆ ಸರಿದುಬಿಡುತ್ತದೆ, ಅದನ್ನೇ ಹಿಡಿದು ಬಂದರೆ ಅವಳೂ ಸಂದಿಗೇ. ಅವಳು ಒಮ್ಮೆ ಎಳೆದರೆ ಕ್ಷೇಮ. ಎರಡು ಸಲ ಎಳೆದರೆ ಇನ್ನಷ್ಟು ಬಿಡಬೇಕು. ಮೂರು ಸಲ ಎಳೆದರೆ ನಾನು ನಿಧಾನವಾಗಿ ಎಳೆದುಕೊಳ್ಳುತ್ತಾ ಬರಬೇಕು. ಅವಳು ಎಷ್ಟು ಸಲ ಎಳೆದಳೋ ಅಷ್ಟೇ ಸಲ ನಾನೂ ಎಳೆದು ಉತ್ತರ ಕೊಡಬೇಕು. "ಉತ್ತರ ಬಂದರೆ ನನಗೆ ಹೆದರಿಕೆಯಾಗುವುದಿಲ್ಲ ಆಂಟಿ" ಎಂದಳು.

ಗೋವಿಂದಣ್ಣನಿಗೆ ಡೈರಿಗೆ ಹಾಲು ಕೊಡುವ ಹೊತ್ತಾಗಿತ್ತು. "ನಾ ಹಾಲ್ ಕೊಟ್ಟ್ ಬತ್ತೆ. ಬಳ್ಳಿ ಮಾತ್ರ ಬಿಡುಕಾಗ ಅಕ್ಕ" ಎಂದು ಹೇಳಿ ಇಳಿದು ಹೋದರು. ನಮ್ಮ ಕಡೆ ಹಗ್ಗಕ್ಕೆ ಬಳ್ಳಿ ಎನ್ನುವುದು; ಬಿಡುಕಾಗ ಎಂದರೆ ಬಿಡಬಾರದು. ಬಾವಿಯ ಬಳ್ಳಿ ಸೇದಿ ಬೆಳೆದವಳು ನಾನು, ನನಗೇ ಹೇಳುತ್ತಾರಲ್ಲ ಎಂದುಕೊಂಡೆ.

ಅವಳು ಮುಳುಗಿದಳು. ಅವಳ ದೀಪದ ಬೆಳಕು ನೀರಿನ ಕೆಳಗೆ ಹಸಿರಾಗಿ ಸ್ವಲ್ಪ ಹೊತ್ತು ಕಂಡು, ಬಂಡೆಯ ಅಡಿಗೆ ಸರಿದು ಆರಿತು. ಒಮ್ಮೆ ಎಳೆದಳು, ನಾನೂ ಒಮ್ಮೆ ಎಳೆದೆ. ಎರಡು ಸಲ ಎಳೆದಳು, ಉತ್ತರ ಕೊಟ್ಟು ಹಗ್ಗ ಬಿಟ್ಟೆ. ಹೀಗೇ ನಾಲ್ಕೈದು ನಿಮಿಷ. ದೇವರ ಮೀನುಗಳು ಅಂಚಿಗೆ ಬಂದು ನನ್ನ ಪಾದದ ಹತ್ತಿರ ಗುಂಪುಗೂಡಿದವು. ನಾನು ಪಾದ ಹಿಂದೆ ತೆಗೆದುಕೊಂಡೆ.

ಆಗ ಹಿಂದೆ ಏನೋ ಸದ್ದಾಯಿತು. ತಿರುಗಿದೆ. ಹೊಸ್ತಿಲು ಕಲ್ಲಿನ ಮೇಲೆ, ಬಿಸಿಲಿನಲ್ಲಿ, ಒಂದು ನೀರುನಾಯಿ ಕುಳಿತಿತ್ತು. ಮೈ ಒದ್ದೆ. ಎರಡು ಕೈಯಲ್ಲಿ ಒಂದು ಮೀನು ಹಿಡಿದು ತಲೆಯಿಂದ ಅಗಿದು ತಿನ್ನುತ್ತಿತ್ತು. ತಿನ್ನುತ್ತಲೇ ನನ್ನನ್ನು ನೋಡುತ್ತಿತ್ತು. ಕೆಳಗಿನ ಹೊಳೆಯಲ್ಲಿ ನೀರುನಾಯಿಗಳಿವೆ, ಎಷ್ಟೋ ಸಲ ದೂರದಿಂದ ನೋಡಿದ್ದೇನೆ. ಅವು ಮನುಷ್ಯರಿಗೆ ಏನೂ ಮಾಡುವುದಿಲ್ಲ ಎಂದು ಹಿಂದಿನ ದಿನವಷ್ಟೇ ಋಜುತಾ ಹೇಳಿದ್ದಳು. ಆದರೆ ಅದು ಹೊಸ್ತಿಲ ಮೇಲೆ ಕುಳಿತು ಮೀನು ತಿನ್ನುವ ರೀತಿ ನೋಡಿ ನನಗೆ ಬೆಳಿಗ್ಗೆ ಮಣೆಯ ಮೇಲೆ ಕುಳಿತ ನಾನೇ ಕಂಡಂತಾಯಿತು. ಅದು ತಿಂದು ಮುಗಿಸಿ, ಕಲ್ಲಿನಿಂದ ಇಳಿದು, ನೇರ ನನ್ನ ಕಡೆ ಬಂತು. ಸಣ್ಣ ಮಗು ಚೀರಿದಂತೆ ಒಮ್ಮೆ ಕೂಗಿತು. ಅಷ್ಟೇ.

ಬಳ್ಳಿ ಬಿಟ್ಟೆ. ಬಿಟ್ಟು ಗೋಡೆ ಬದಿಗೆ ಒರಸಿಕೊಂಡು ಹೊರಗೆ ಓಡಿದೆ. ಇದನ್ನು ಬರೆಯುವಾಗಲೂ ಮೈ ಬಿಸಿಯಾಗುತ್ತದೆ. ಒಂದು ಹತ್ತು ಹೆಜ್ಜೆ ಓಡಿ ನಿಂತಿದ್ದರೆ ಕ್ಷಮೆಯಿತ್ತು. ನಾನು ನಿಲ್ಲಲಿಲ್ಲ. ಗುಡ್ಡ ಇಳಿದು ಹೊಳೆ ದಾಟುವ ಕಾಲುಸಂಕದವರೆಗೆ ಹೋದೆ. ಅಲ್ಲಿ ಕುಳಿತೆ. ಅವಳ ನೆನಪು ಬಾರದೆ ಇರಲಿಲ್ಲ, ಬಂತು. ಕೊನೆ ಕಲ್ಲಿಗೆ ಕಟ್ಟಿದೆಯಲ್ಲ, ಬರುತ್ತಾಳೆ ಬಿಡು ಎಂದು ನನಗೇ ಸಮಾಧಾನ ಹೇಳಿಕೊಂಡು ಕುಳಿತೇ ಇದ್ದೆ. ಎಷ್ಟು ಹೊತ್ತು? ಕಾಲು ಗಂಟೆಗೆ ಕಡಿಮೆಯಿಲ್ಲ. ಅವಳ ಸಿಲಿಂಡರಿನಲ್ಲಿ ಇದ್ದದ್ದು ಹೆಚ್ಚೆಂದರೆ ಅರ್ಧ ಗಂಟೆಯ ಗಾಳಿ ಎಂದು ಅವಳೇ ಹೇಳಿದ್ದಳು. ಅದು ನೆನಪಾದಾಗ ಎದ್ದೆ.

ಒಳಗೆ ಬಂದಾಗ ನೀರುನಾಯಿ ಇರಲಿಲ್ಲ. ಋಜುತಾ ನೀರಿನ ಅಂಚಿನಲ್ಲಿ ನನಗೆ ಬೆನ್ನು ಹಾಕಿ ಕುಳಿತು, ಮುಖದ ಗಾಜು ಕಳಚುತ್ತಿದ್ದಳು. ಪಕ್ಕದಲ್ಲಿ ಹಿತ್ತಾಳೆ ಕೊಡಪಾನ, ಕಪ್ಪಗೆ, ಹಾವಸೆ ಹಿಡಿದು. ನನ್ನ ಹೆಜ್ಜೆ ಸದ್ದಿಗೆ ತಿರುಗಿ, ಎದ್ದು, ಒದ್ದೆ ಮೈಯಲ್ಲೇ ನನ್ನನ್ನು ತಬ್ಬಿಕೊಂಡಳು.

"ಆಂಟಿ, ಇವತ್ತು ನೀವಿಲ್ಲದಿದ್ದರೆ ನಾನಿಲ್ಲ."

ಕೊಡಪಾನ ಎತ್ತುವಾಗ ಕೆಸರೆಲ್ಲ ಎದ್ದಿತಂತೆ. ಏನೂ ಕಾಣದೆ, ಮೇಲೆ ಯಾವುದು ಕೆಳಗೆ ಯಾವುದು ಗೊತ್ತಾಗದೆ, ಹಗ್ಗವೂ ಸಡಿಲವಾಗಿ, ಅವಳಿಗೆ ಮೊದಲ ಸಲ ನೀರಿನೊಳಗೆ ಹೆದರಿಕೆಯಾಯಿತಂತೆ. ಮೂರು ಸಲ ಎಳೆದಳು. ಉತ್ತರವಿಲ್ಲ. ಮತ್ತೆ ಮೂರು ಸಲ ಎಳೆದಳು. "ಆಗ ನೀವು ಎಳೆದಿರಿ. ಒಂದು, ಎರಡು, ಮೂರು. ಆಮೇಲೆ ಹಗ್ಗ ಬಿಗಿಯಾಯಿತು. ಎಷ್ಟು ನಿಧಾನವಾಗಿ ಎಳೆದಿರಿ ಆಂಟಿ, ಒಂದು ಕೈ ಆದ ಮೇಲೆ ಇನ್ನೊಂದು ಕೈ, ಬಾವಿಯಿಂದ ಕೊಡ ಎತ್ತುವ ಹಾಗೆ. ತಲೆ ಮೇಲೆ ಬರುವವರೆಗೂ ನಿಲ್ಲಿಸಲಿಲ್ಲ."

ನಾನು ಕೆಳಗೆ ನೋಡಿದೆ. ಹಗ್ಗ ಕಲ್ಲಿನ ಪಕ್ಕ ಸುರುಳಿಯಾಗಿ ಬಿದ್ದಿತ್ತು, ಒದ್ದೆಯಾಗಿ, ಒಂದರ ಮೇಲೊಂದು ಬಳೆಯಿಟ್ಟ ಹಾಗೆ. ನಾನು ಹಗ್ಗ ಸೇದಿದರೆ ಯಾವತ್ತೂ ರಾಶಿ ಹಾಕುವವಳು. ಅತ್ತೆ ಬೈದರೂ ಆ ಅಭ್ಯಾಸ ಹೋಗಿರಲಿಲ್ಲ.

ಅವಳು ನನ್ನ ಎರಡೂ ಕೈ ಬಿಡಿಸಿ ಅಂಗೈ ನೋಡಿದಳು, ಹಗ್ಗ ಉಜ್ಜಿ ಸುಲಿದಿರಬಹುದೆಂದು. ಒಂದು ಗೆರೆಯಿರಲಿಲ್ಲ, ಕೆಂಪಾಗಿಯೂ ಇರಲಿಲ್ಲ. "ನಿಮ್ಮದು ಕೆಲಸ ಮಾಡಿ ಗಟ್ಟಿಯಾದ ಕೈ" ಎಂದು ಹೇಳಿ ಅಂಗೈಗೆ ಮುತ್ತಿಟ್ಟಳು. ಹೇಳಲು ಅದೇ ಹೊತ್ತು. ನಾನಲ್ಲ ಮಗಾ ಎಂದರೆ ಸಾಕಿತ್ತು. ನಾನು ನನ್ನ ಸೆರಗಿನಿಂದ ಅವಳ ತಲೆ ಒರಸಿದೆ.

ಸ್ವಲ್ಪ ಹೊತ್ತಿಗೆ ಗೋವಿಂದಣ್ಣ ಏದುಸಿರು ಬಿಡುತ್ತಾ ಹತ್ತಿ ಬಂದರು, ಎಡಗೈಯಲ್ಲಿ ಖಾಲಿ ಹಾಲಿನ ಕ್ಯಾನು. ಕೊಡಪಾನ ಕಂಡು ಕ್ಯಾನನ್ನು ಅಲ್ಲೇ ಕೆಳಗಿಟ್ಟರು. ಅದನ್ನು ಎದೆಗೆ ಅವುಚಿಕೊಂಡು, ನನ್ನ ಕಡೆ ನೋಡಿ, "ಬಳ್ಳಿ ಬಿಡ್ಲಿಲ್ಲೆ ಅಲ್ದಾ" ಎಂದರು. ಪ್ರಶ್ನೆಯೋ ಮೆಚ್ಚುಗೆಯೋ ತಿಳಿಯಲಿಲ್ಲ. ನಾನು ತಲೆಯಾಡಿಸಿದೆ. ಅದು ಆ ದಿನದ ಎರಡನೆಯ ಸುಳ್ಳು. ಮನೆಗೆ ಬಂದು ಪುಸ್ತಕದಲ್ಲಿ ಬರೆದೆ: "ಸೌತೆಕಾಯಿ ಸಾಂಬಾರು. ಋಜುತಾ ಜೊತೆ ಗುಹೆಗೆ. ಕೊಡಪಾನ ಸಿಕ್ಕಿತು. ಬಳ್ಳಿ ನಾನು ಹಿಡಿದೆ." ಮೂರನೆಯದು.

ಯಾರು ಎಳೆದರು ಎಂದು ನಾನು ಯೋಚಿಸದೆ ಇದ್ದೇನೆಯೇ? ಗೋವಿಂದಣ್ಣ ಡೈರಿಯಲ್ಲಿದ್ದರು, ಮರುದಿನ ಬೇರೆ ಮಾತಿನ ನಡುವೆ ಡೈರಿಯವರನ್ನೇ ಕೇಳಿದ್ದೇನೆ. ಇದ್ದರೂ ಮುರಿದ ಕೈಯಲ್ಲಿ ಒಂದು ಕೈ ಆದ ಮೇಲೆ ಇನ್ನೊಂದು ಕೈ ಎಳೆಯುವುದು ಹೇಗೆ? ಗುಹೆಗೆ ಇರುವುದು ಒಂದೇ ದಾರಿ, ಆ ದಾರಿಯ ಸಂಕದ ಮೇಲೆ ಕುಳಿತದ್ದು ನಾನು. ನೀರಿನ ಸೆಳೆತವೇ ಹಾಗೆ ಅನ್ನಿಸಿರಬಹುದು, ಹೆದರಿದ ಹುಡುಗಿಗೆ ಇಲ್ಲದ್ದು ತೋಚಿರಬಹುದು. ಆದರೆ ಸೆಳೆತ ಮೂರಕ್ಕೆ ಮೂರು ಎಣಿಸಿ ಉತ್ತರ ಕೊಡುತ್ತದೆಯೇ? ಹಗ್ಗವನ್ನು ಸುರುಳಿ ಸುತ್ತುತ್ತದೆಯೇ? ಗುಹೆಯ ನೆಲದಲ್ಲಿ ಕೆಸರಿತ್ತು, ಹೆಜ್ಜೆ ಗುರುತು ಇದ್ದೀತು. ನಾನು ನೋಡಲಿಲ್ಲ. ನೋಡಿದರೆ ನಾನು ಅಲ್ಲಿರಲಿಲ್ಲ ಎಂದು ನಾನೇ ಸಾಬೀತು ಮಾಡಿದ ಹಾಗಾಗುತ್ತಿತ್ತು. ಆಗ ನನಗೆ ಬೇಕಾಗಿದ್ದದ್ದು ಸತ್ಯವಲ್ಲ, ಆ ಹುಡುಗಿಯ ಮುತ್ತು.

ಅವಳು ಮರೆಯುವ ಜಾತಿಯಲ್ಲ. ಪ್ರತಿ ಹಬ್ಬಕ್ಕೂ ಮೆಸೇಜು. ಯಾವ ದೇಶಕ್ಕೆ ಹೋದರೂ ಅಲ್ಲಿನ ಒಂದು ಪ್ರಾಣಿಯ ಫೋಟೊ. ಜೊತೆಗಿರುವವರಿಗೆಲ್ಲ ನನ್ನ ಕಥೆ ಹೇಳಿ, ಅವರಿಂದಲೂ ನಮಸ್ಕಾರ ಹೇಳಿಸುತ್ತಾಳೆ. ಪ್ರತಿ ಸಲವೂ ನಾನು ಕೈಮುಗಿದ ಚಿತ್ರವೊಂದನ್ನು ಕಳಿಸಿ ಫೋನು ಕವುಚಿಡುತ್ತೇನೆ. ಕಳೆದ ತಿಂಗಳು ಬರೆದಳು: ಈ ಚಳಿಗಾಲಕ್ಕೆ ಬರುತ್ತಿದ್ದೇನೆ, ಆ ನೀರಿನ ಕೊನೆಯವರೆಗೂ ಹೋಗಿ ನೋಡಬೇಕು, ಹಗ್ಗಕ್ಕೆ ನೀವಿದ್ದೀರಲ್ಲ, ನನಗೆ ಧೈರ್ಯ.

ಆ ಮಾತು ಓದಿದ ಮೇಲೆ ನಾನು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮುತ್ತು ತೆಗೆದುಕೊಂಡದ್ದು ಬೇರೆ. ಇನ್ನೊಮ್ಮೆ ಅವಳ ಜೀವವನ್ನು ಇದೇ ಕೈಗೆ ತೆಗೆದುಕೊಳ್ಳುವುದು ಬೇರೆ. ಈ ಸಲ ನಾನು ಬಿಟ್ಟ ಬಳ್ಳಿಯನ್ನು ಎಳೆಯುವವರು ಇಲ್ಲದಿದ್ದರೆ?

ಮೊದಲು ಗೋವಿಂದಣ್ಣನ ಮನೆಗೆ ಹೋದೆ. ಜಗಲಿಯಲ್ಲಿ ಕುಳಿತು, ಆ ದಿನ ಮೀನು ತಿಂದು ಬಂದಿದ್ದೆ ಎಂದೆ. ಅವರು ವೀಳ್ಯ ಮಡಚುತ್ತಾ ನಕ್ಕರು.

"ನಂಗ್ ಅವತ್ತೇ ಗೊತ್ತಾಯ್ತ್ ಅಕ್ಕ. ಬಂಗ್ಡಿ ಸಾರಿನ್ ಪರಿಮಳ ಸೋಪಿಗ್ ಹೋತ್ತಾ? ಆದ್ರೆ ಬಳ್ಳಿ ಹಿಡುಕೆ ಮತ್ತ್ಯಾರ್ ಇದ್ದಿರ್? ದೇವ್ರಿಗೆ ಹೇಳಿ, ಇವತ್ತೊಂದಿನ ಬಿಟ್ಟ್ ಬಿಡಪ್ಪ ಅಂದೆ, ಕೆಳಗ್ ಇಳ್ದೆ. ನೀವ್ ಬಳ್ಳಿ ಬಿಡ್ಲಿಲ್ಲೆ ಅಲ್ದಾ, ಸಾಕ್."

ಅದರ ಮುಂದಿನದನ್ನು ಅವರಿಗೆ ಹೇಳಲು ನನ್ನಿಂದಾಗಲಿಲ್ಲ. ಅವರು ಕ್ಷಮಿಸಿದ್ದು ಸಣ್ಣದನ್ನು. ದೊಡ್ಡದನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಮನೆಗೆ ಬಂದೆ.

ಆದರೆ ಋಜುತಾಳಿಗೆ ಹೇಳಿದೆ. ಬರೆಯಹೋಗಿ ಎರಡು ಸಲ ಅಳಿಸಿ, ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿ ಕಳಿಸಿದೆ. ನೀರುನಾಯಿ, ಸಂಕ, ಕಾಲು ಗಂಟೆ, ಬಂಗುಡೆ, ಎಲ್ಲ. ಅವಳು ಕೇಳಿದ್ದಾಳೆಂದು ಗೊತ್ತಾಯಿತು, ಉತ್ತರ ಬರಲಿಲ್ಲ. ಆ ದಿನ ಕಳೆಯಿತು, ಮರುದಿನವೂ. ಉತ್ತರಕ್ಕೆ ಕಾಯುವುದೆಂದರೆ ಏನೆಂದು ಆಗ ನನಗೆ ಚೆನ್ನಾಗಿ ತಿಳಿಯಿತು. ಮೂರನೆಯ ದಿನ ಬೆಳಿಗ್ಗೆ ಬಂತು:

"ಬರುತ್ತೇನೆ ಆಂಟಿ. ನಿಮ್ಮ ಮನೆಯಲ್ಲೇ ಉಳಿಯುತ್ತೇನೆ. ಹಗ್ಗಕ್ಕೆ ಈ ಸಲ ನನ್ನ ಜೊತೆಯವನೊಬ್ಬ ಬರುತ್ತಾನೆ. ಆದರೆ ನನಗೆ ಉತ್ತರ ಕೊಟ್ಟದ್ದು ಯಾರು?"

ಸರಿಯಾಗಿಯೇ ಹೇಳಿದ್ದಾಳೆ. ಹಗ್ಗಕ್ಕೆ ಬೇರೆಯವರು ಎಂದದ್ದಕ್ಕೆ ನನಗೆ ಬೇಸರವಾಗಬಾರದು. ಆದರೂ ಬೇಸರವಾಯಿತು, ಅದೂ ನಿಜ. ಅವಳ ಪ್ರಶ್ನೆಗೆ ಗೊತ್ತಿಲ್ಲ ಎಂದಷ್ಟೇ ಬರೆದೆ.

ನಿನ್ನೆ ಕಪಾಟಿನಿಂದ ಆ ವರ್ಷದ ಪುಸ್ತಕ ತೆಗೆದೆ. "ಬಳ್ಳಿ ನಾನು ಹಿಡಿದೆ" ಎಂಬುದನ್ನು ಹೊಡೆದುಹಾಕಿ, ಪಕ್ಕದ ಖಾಲಿ ಜಾಗದಲ್ಲಿ ಸಣ್ಣ ಅಕ್ಷರದಲ್ಲಿ ಬರೆದೆ: "ಬೆಳಿಗ್ಗೆ ಬಂಗುಡೆ ತಿಂದಿದ್ದೆ. ಬಳ್ಳಿ ಬಿಟ್ಟು ಓಡಿದೆ. ಹಿಡಿದವರು" ಎಂದು. ಅಲ್ಲಿಗೆ ಪೆನ್ನು ನಿಂತಿತು. ಒಳಗೆ ಕುಕ್ಕರ್ ಕೂಗಿತು, ಎದ್ದು ಹೋದೆ. ವಾಪಸು ಬಂದು ನೋಡಿದರೂ ಮುಂದಕ್ಕೆ ಹಾಕಲು ಏನೂ ತೋಚಲಿಲ್ಲ. ಆ ಸಾಲು ಹಾಗೇ ಇದೆ.